ಪವರ್‌ಟಾಯ್ಸ್: ಮೊದಲು ಎಲ್ಲ ಆಫ್ ಮಾಡಿ, ಆಮೇಲೆ ಆರನ್ನು ಆನ್ ಮಾಡಿ

ಪವರ್‌ಟಾಯ್ಸ್ ಅಂದರೆ ವಿಂಡೋಸ್ ಕಂಪ್ಯೂಟರಿಗೆ ಮೈಕ್ರೋಸಾಫ್ಟೇ ಬಿಟ್ಟಿಯಾಗಿ ಕೊಡುವ ಸಣ್ಣಪುಟ್ಟ ಸಾಧನಗಳ ಒಂದು ಗಂಟು. ಅದನ್ನು ಹಾಕಿಕೊಂಡ ತಕ್ಷಣ ಮಾಡಬೇಕಾದ ಮೊದಲ ಕೆಲಸವೆಂದರೆ ಅದರಲ್ಲಿರುವ ಮುಕ್ಕಾಲು ಪಾಲನ್ನು ಆಫ್ ಮಾಡುವುದು. ಒಟ್ಟು ಇಪ್ಪತ್ತೈದಕ್ಕೂ ಹೆಚ್ಚು ಸಾಧನಗಳಿವೆ. ಕೆಲವು ಪ್ರೋಗ್ರಾಂ ಬರೆಯುವವರಿಗೆ, ಕೆಲವು ಪ್ರೊಜೆಕ್ಟರ್ ಇಟ್ಟು ಪಾಠ ಮಾಡುವವರಿಗೆ, ಇನ್ನು ಕೆಲವು ಯಾರಿಗೆ ಬೇಕೋ ಮಾಡಿದವರೇ ಹೇಳಬೇಕು. ಆದರೆ ಆರು ಸಾಧನಗಳಿವೆ ನೋಡಿ, ಅವು ದಾವಣಗೆರೆಯಲ್ಲಿ ಟೈಪಿಂಗ್, ಅರ್ಜಿ ತುಂಬುವ ಕೆಲಸ ಮಾಡಿಕೊಡುವ ಜಾಬ್‌ವರ್ಕ್ ಅಂಗಡಿಯಲ್ಲೋ, ಫೋಟೋ ಸ್ಟುಡಿಯೋದಲ್ಲೋ, ಮಂಡಿಪೇಟೆಯ ಗದ್ದುಗೆ ಪಕ್ಕದ ಮೇಜಿನ ಮೇಲೋ ದಿನವಿಡೀ ಕೀಲಿ ಕುಟ್ಟುವವರ ಕೈಕೆಲಸವನ್ನು ನಿಜಕ್ಕೂ ಹಗುರ ಮಾಡುತ್ತವೆ. ಈ ವಿಮರ್ಶೆ ಆ ಆರರ ಲೆಕ್ಕದಲ್ಲಿದೆ. ಜೊತೆಗೆ ಒಂದು ದೊಡ್ಡ ತಕರಾರೂ ಇದೆ, ಅದು ಕನ್ನಡದ್ದು.

ಹೆಸರು ಹಳೆಯದು. ವಿಂಡೋಸ್ 95ರ ಕಾಲದಲ್ಲೇ ಪವರ್‌ಟಾಯ್ಸ್ ಇತ್ತು, ಎಕ್ಸ್‌ಪಿಗೂ ಬಂತು, ಆಮೇಲೆ ಮಾಯವಾಯಿತು. 2019ರಲ್ಲಿ ಓಪನ್ ಸೋರ್ಸ್ ಆಗಿ ಮತ್ತೆ ಶುರುವಾದದ್ದೇ ಈಗಿನದು. ಜಾಹೀರಾತು ಇಲ್ಲ, ‘ಪ್ರೊ ಆವೃತ್ತಿ ಕೊಳ್ಳಿ’ ಎನ್ನುವ ಕಾಟ ಇಲ್ಲ.

ಹಾಕಿಕೊಳ್ಳುವ ಮುಂಚೆ ಎರಡು ಸಂಗತಿ ನೋಡಿಕೊಳ್ಳಿ. ವಿಂಡೋಸ್ 64 ಬಿಟ್ ಆಗಿರಬೇಕು. ಹಳೆಯ ಅಂಗಡಿ ಯಂತ್ರಗಳಲ್ಲಿ ಇನ್ನೂ 32 ಬಿಟ್ ಕೂತಿರುವುದುಂಟು, ಅಲ್ಲಿ ಇದು ಹತ್ತುವುದೇ ಇಲ್ಲ. ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ಗೆ ಹೋದರೆ ‘ಸಿಸ್ಟಂ ಟೈಪ್’ ಎಂಬ ಸಾಲಿನಲ್ಲಿ ಗೊತ್ತಾಗುತ್ತದೆ. ಎರಡನೆಯದು, ವಿಂಡೋಸ್ 10 ಆಗಿದ್ದರೆ 2004 (ಇದು ಇಸವಿಯಲ್ಲ, ಆವೃತ್ತಿಯ ಸಂಖ್ಯೆ) ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ಲೆಕ್ಕದಲ್ಲಿರಲಿ. ಬ್ಯಾಂಕಿನ ಕೆಲಸ, ಗ್ರಾಹಕರ ಆಧಾರ್ ಪ್ರತಿ ಇರುವ ಯಂತ್ರವನ್ನು ಹಾಗೇ ಬಿಡುವುದು ತರವಲ್ಲ.

ಡೌನ್‌ಲೋಡನ್ನು ಮೈಕ್ರೋಸಾಫ್ಟ್ ಸ್ಟೋರ್‌ನಿಂದಲೇ ಮಾಡಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ‘ಫ್ರೀ ಡೌನ್‌ಲೋಡ್’ ಗುಂಡಿ ಒತ್ತುವ ಚಾಳಿ ನಮ್ಮಲ್ಲಿ ಜಾಸ್ತಿ. ಹಾಗೆ ಬಂದ ಫೈಲಿನ ಜೊತೆ ಏನೇನು ಬರುತ್ತದೆ ಎಂದು ಹೇಳಲಾಗದು. ಗಾತ್ರ ಕೆಲವು ನೂರು ಎಂಬಿ ಇದೆ, ಫೋನಿನ ಹಾಟ್‌ಸ್ಪಾಟ್ ಮೇಲೆ ಇಳಿಸುವವರು ದಿನದ ಡೇಟಾ ನೋಡಿಕೊಂಡು ಕೈ ಹಾಕಿ.

ಹತ್ತಿದ ಮೇಲೆ ಗಡಿಯಾರದ ಪಕ್ಕದ ಐಕಾನ್ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. ಪ್ರತಿ ಸಾಧನಕ್ಕೂ ಒಂದೊಂದು ಸ್ವಿಚ್ ಇದೆ. ಎಲ್ಲವನ್ನೂ ಆಫ್ ಮಾಡಿ. ಸಾಧನಗಳಲ್ಲಿ ಹಲವು ಹಿನ್ನೆಲೆಯಲ್ಲಿ ಪ್ರತ್ಯೇಕ ಪ್ರೋಗ್ರಾಂ ಆಗಿ ಓಡುತ್ತವೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಪವರ್‌ಟಾಯ್ಸ್ ಹೆಸರಿನ ಸಾಲುಗಳನ್ನು ಎಣಿಸಿದರೆ ಇದು ಕಣ್ಣಿಗೇ ಕಾಣುತ್ತದೆ. 16 ಜಿಬಿ ರ‍್ಯಾಮ್ ಇರುವವರಿಗೆ ಚಿಂತೆಯಿಲ್ಲ. 4 ಜಿಬಿ ಯಂತ್ರದಲ್ಲಿ ಕ್ರೋಮ್ ಜೊತೆ ಟ್ಯಾಲಿಯೂ ಓಡಬೇಕೆಂದರೆ ಒಂದೊಂದು ಸ್ವಿಚ್ಚೂ ಲೆಕ್ಕಕ್ಕೆ ಬರುತ್ತದೆ.

ಇಮೇಜ್ ರಿಸೈಜರ್: ಇದೊಂದಕ್ಕೇ ಹಾಕಿಕೊಂಡರೂ ನಷ್ಟವಿಲ್ಲ

ಜಯದೇವ ವೃತ್ತದ ಆಸುಪಾಸಿನ ಯಾವ ಜಾಬ್‌ವರ್ಕ್ ಅಂಗಡಿಗೆ ಹೋದರೂ ಕೇಳಿಬರುವ ಮಾತು ಒಂದೇ: ‘ಫೋಟೋ ಸೈಜ್ ತಗೋತಿಲ್ಲ.’ ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯ ಅರ್ಜಿಯನ್ನೇ ತೆಗೆದುಕೊಳ್ಳಿ. ಫೋಟೋ 200 × 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140 × 60 ಪಿಕ್ಸೆಲ್, 10ರಿಂದ 20 ಕೆಬಿ. ಫೋನಿನಲ್ಲಿ ತೆಗೆದ ಫೋಟೋ 3–4 ಎಂಬಿ ಇರುತ್ತದೆ. ಹೆಚ್ಚಿನವರು ಆಗ ಯಾವುದೋ ಆನ್‌ಲೈನ್ ತಾಣಕ್ಕೆ ಅದನ್ನು ಏರಿಸಿ ಇಳಿಸಿಕೊಳ್ಳುತ್ತಾರೆ. ಗ್ರಾಹಕನ ಮುಖ, ಸಹಿ ಎರಡೂ ಗೊತ್ತಿಲ್ಲದ ಸರ್ವರಿನ ಪಾಲು. ಇಮೇಜ್ ರಿಸೈಜರ್ ಆ ಕೆಲಸವನ್ನು ನೆಟ್ ಇಲ್ಲದೆ ಯಂತ್ರದೊಳಗೇ ಮುಗಿಸುತ್ತದೆ.

ಮೊದಲು ಒಮ್ಮೆ ಸಿದ್ಧತೆ ಮಾಡಿಕೊಳ್ಳಬೇಕು. ಪವರ್‌ಟಾಯ್ಸ್ ಸೆಟ್ಟಿಂಗ್ಸ್‌ನಲ್ಲಿ ಇಮೇಜ್ ರಿಸೈಜರ್ ತೆರೆದು ‘ಆಡ್ ನ್ಯೂ ಸೈಜ್’ ಒತ್ತಿ. ಹೆಸರು ‘ಬ್ಯಾಂಕ್ ಫೋಟೋ’, ಅಗಲ 200, ಎತ್ತರ 230, ಅಳತೆ ಪಿಕ್ಸೆಲ್, ರೀತಿ ‘ಫಿಲ್’. ಇನ್ನೊಂದು ‘ಬ್ಯಾಂಕ್ ಸಹಿ’, 140, 60, ಪಿಕ್ಸೆಲ್, ‘ಫಿಲ್’. ಈ ಫಿಲ್, ಫಿಟ್, ಸ್ಟ್ರೆಚ್ ಮೂರರ ವ್ಯತ್ಯಾಸ ತಿಳಿಯದೆ ಎಡವುವವರೇ ಹೆಚ್ಚು. ಫಿಟ್ ಅಂದರೆ ಚಿತ್ರದ ಅನುಪಾತ ಕೆಡದಂತೆ ಆ ಚೌಕಟ್ಟಿನೊಳಗೆ ಕೂರಿಸುವುದು, ಹಾಗಾಗಿ ಒಂದು ಬದಿ ಕಡಿಮೆ ಬೀಳಬಹುದು, 173 × 230 ಆಗಬಹುದು. ಅರ್ಜಿ ತಿರಸ್ಕಾರವಾಗುವುದು ಇಲ್ಲೇ. ಸ್ಟ್ರೆಚ್ ಅಂದರೆ ಎಳೆದು ಸರಿಮಾಡುವುದು, ಮುಖ ಕುಂಬಳಕಾಯಿಯಾಗುತ್ತದೆ. ಫಿಲ್ ಅಳತೆಯನ್ನು ಸರಿಯಾಗಿ ತುಂಬಿ ಹೆಚ್ಚಾದದ್ದನ್ನು ಅಂಚಿನಿಂದ ಕತ್ತರಿಸುತ್ತದೆ. ಕತ್ತರಿ ಎರಡೂ ಬದಿಗೆ ಸಮನಾಗಿ ಬೀಳುವುದರಿಂದ ತಲೆ ಫೋಟೋದ ಮೇಲಂಚಿಗೆ ಅಂಟಿಕೊಂಡಂತಿದ್ದರೆ ಮೊದಲು ಫೋಟೋಸ್ ಆ್ಯಪ್‌ನಲ್ಲಿ ಮುಖದ ಸುತ್ತ ಒಂದಿಷ್ಟು ಜಾಗ ಬಿಟ್ಟು ಕ್ರಾಪ್ ಮಾಡಿಕೊಳ್ಳಿ.

ಇನ್ನು ಕೆಲಸ. ಫೋಟೋ ಮೇಲೆ ರೈಟ್ ಕ್ಲಿಕ್, ‘ರಿಸೈಜ್ ವಿತ್ ಇಮೇಜ್ ರಿಸೈಜರ್’, ‘ಬ್ಯಾಂಕ್ ಫೋಟೋ’ ಆರಿಸಿ, ರಿಸೈಜ್. ಮೂಲ ಫೈಲಿನ ಪಕ್ಕದಲ್ಲೇ ಹೆಸರಿಗೆ ಅಳತೆಯ ಹೆಸರು ಸೇರಿಸಿಕೊಂಡು ಹೊಸ ಫೈಲ್ ಬರುತ್ತದೆ. ಒಂದೇ ಸಲ ನಲವತ್ತು ಫೋಟೋ ಆರಿಸಿದರೂ ನಡೆಯುತ್ತದೆ, ಶಾಲೆಯೊಂದರ ಮಕ್ಕಳ ಫೋಟೋ ಒಟ್ಟಿಗೆ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಕಿಟಕಿಯ ಕೆಳಗಿರುವ ಚೌಕಗುರುತುಗಳನ್ನು ಓದದೆ ಮುಂದೆ ಹೋಗಬೇಡಿ. ‘ಇಗ್ನೋರ್ ದಿ ಓರಿಯೆಂಟೇಶನ್ ಆಫ್ ಪಿಕ್ಚರ್ಸ್’ ಎಂಬುದು ತಾನಾಗಿಯೇ ಆನ್ ಇರುತ್ತದೆ. ಅದು ಇದ್ದರೆ ಅಡ್ಡ ಚಿತ್ರಕ್ಕೆ ಉದ್ದದ ಅಳತೆ ಕೊಟ್ಟಾಗ, ಉದ್ದ ಚಿತ್ರಕ್ಕೆ ಅಡ್ಡದ ಅಳತೆ ಕೊಟ್ಟಾಗ ಅಗಲ–ಎತ್ತರ ಎರಡನ್ನೂ ಸಾಧನವೇ ಅದಲುಬದಲು ಮಾಡಿಬಿಡುತ್ತದೆ. ಸಹಿಯ ಹಾಳೆಯನ್ನು ಫೋನ್ ನೇರ ಹಿಡಿದು ತೆಗೆದಿದ್ದರೆ 140 × 60 ಬದಲು 60 × 140 ಆಗಿ ಬರುತ್ತದೆ, ಸಹಿಯ ನಡುವಿನ ಚೂರು ಮಾತ್ರ ಉಳಿದಿರುತ್ತದೆ. ಅರ್ಜಿ ಕೆಲಸಕ್ಕೆ ಈ ಗುರುತನ್ನು ತೆಗೆಯಿರಿ, ಸಹಿಯನ್ನು ಮೊದಲೇ ಅಡ್ಡಕ್ಕೆ ಕ್ರಾಪ್ ಮಾಡಿ. ‘ರಿಸೈಜ್ ದಿ ಒರಿಜಿನಲ್’ ಎಂಬುದಕ್ಕೆ ಮಾತ್ರ ಎಂದಿಗೂ ಗುರುತು ಹಾಕಬೇಡಿ. ಗ್ರಾಹಕ ನಾಳೆ ಪಾಸ್‌ಪೋರ್ಟ್ ಪ್ರಿಂಟ್ ಕೇಳಿಕೊಂಡು ಬಂದರೆ ಕೈಯಲ್ಲಿ 200 ಪಿಕ್ಸೆಲ್‌ನ ಚೂರಷ್ಟೇ ಇರುತ್ತದೆ.

ಕೆಬಿ ಲೆಕ್ಕ ಈ ಸಾಧನದ ದೊಡ್ಡ ಕೊರತೆ. ‘50 ಕೆಬಿಯೊಳಗೆ ಮಾಡು’ ಎಂದು ನೇರ ಹೇಳುವಂತಿಲ್ಲ. ಸೆಟ್ಟಿಂಗ್ಸ್‌ನಲ್ಲಿರುವ ಜೆಪೆಗ್ ಕ್ವಾಲಿಟಿ ಎಂಬ ಒಂದೇ ತಿರುಗಣಿಯಿಂದ ಹೊಂದಿಸಿಕೊಳ್ಳಬೇಕು. ಮೊದಲಿಗೆ ಅದು 90 ಇರುತ್ತದೆ. 200 × 230ರಂಥ ಪುಟ್ಟ ಚಿತ್ರದಲ್ಲಿ ತೊಂದರೆ ಉಲ್ಟಾ ಬರುತ್ತದೆ: ಹಿನ್ನೆಲೆ ಬಿಳಿಯಾಗಿದ್ದರೆ ಫೈಲ್ 20 ಕೆಬಿಗಿಂತ ಕೆಳಗೆ ಇಳಿದು, ‘ಕನಿಷ್ಠ ಗಾತ್ರ ಇಲ್ಲ’ ಎಂದು ತಾಣ ವಾಪಸ್ ಕಳಿಸುತ್ತದೆ. ಆಗ ಕ್ವಾಲಿಟಿಯನ್ನು 100ಕ್ಕೆ ಏರಿಸಿ ಮೂಲದಿಂದ ಮತ್ತೆ ರಿಸೈಜ್ ಮಾಡಿ. ಒಮ್ಮೆ ಚಿಕ್ಕದಾದ ಫೈಲನ್ನೇ ಮತ್ತೆ ಚಿಕ್ಕದು–ದೊಡ್ಡದು ಮಾಡುತ್ತ ಹೋದರೆ ಮುಖದ ಮೇಲೆ ಚೌಕಚೌಕದ ಕಲೆ ಬೀಳುತ್ತದೆ, ಜೆಪೆಗ್ ಪ್ರತಿ ಸಲ ಉಳಿಸಿದಾಗಲೂ ವಿವರ ಕಳೆಯುವುದರಿಂದ ಹೀಗಾಗುತ್ತದೆ. ಅಳತೆಯಲ್ಲಿ ಸೆಂಟಿಮೀಟರ್ ಆಯ್ಕೆಯೂ ಇದೆ, ಆದರೆ ಅದು ಚಿತ್ರದೊಳಗೆ ಬರೆದಿಟ್ಟ ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ) ಸಂಖ್ಯೆಯನ್ನು ನಂಬುತ್ತದೆ. ಫೋನುಗಳು ಅಲ್ಲಿ 72 ಎಂದು ಬರೆದಿರುವುದೇ ಹೆಚ್ಚು. 3.5 × 4.5 ಸೆಂ.ಮೀ. ಪಾಸ್‌ಪೋರ್ಟ್ ಅಳತೆ ಪ್ರಿಂಟಿಗೆ ಬೇಕಿದ್ದರೆ ಸೆಂಟಿಮೀಟರ್ ಬಿಟ್ಟು 413 × 531 ಪಿಕ್ಸೆಲ್ ಕೊಡಿ, 300 ಡಿಪಿಐಗೆ ಅದೇ ಲೆಕ್ಕ.

ಪಿಡಿಎಫ್ ಗಾತ್ರ ಇಳಿಸಲು ಪವರ್‌ಟಾಯ್ಸ್‌ನಲ್ಲಿ ಏನೂ ಇಲ್ಲ. ಅಂಕಪಟ್ಟಿಯನ್ನು 300 ಡಿಪಿಐ ಕಲರ್‌ನಲ್ಲಿ ಸ್ಕ್ಯಾನ್ ಮಾಡಿ ಆಮೇಲೆ ಒದ್ದಾಡುವ ಬದಲು 150 ಡಿಪಿಐ ಗ್ರೇಸ್ಕೇಲ್‌ನಲ್ಲಿ ತೆಗೆಯಿರಿ. ಈಗಾಗಲೇ ದೊಡ್ಡ ಜೆಪೆಗ್ ಇದ್ದರೆ 1240 × 1754 ಎಂಬ ಅಳತೆಯನ್ನು ‘ಫಿಟ್’ ರೀತಿಯಲ್ಲಿ ಸೇರಿಸಿಟ್ಟುಕೊಳ್ಳಿ, ಅದು 150 ಡಿಪಿಐ ಎ4 ಹಾಳೆ. ಇಳಿಸಿದ ಚಿತ್ರವನ್ನು ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ಗೆ ಕೊಡಿ.

ಪವರ್‌ರಿನೇಮ್: ಸ್ಟುಡಿಯೋದವರ ಸಾಧನ

ಮದುವೆ ಸೀಸನ್ನಿನಲ್ಲಿ ಎರಡು ಕ್ಯಾಮೆರಾ, ನಾಲ್ಕು ಕಾರ್ಡ್, ಒಟ್ಟು ಎರಡು ಸಾವಿರ ಫೋಟೋ. ಎರಡೂ ಕ್ಯಾಮೆರಾ ಒಂದೇ ಕಂಪನಿಯದಾದರೆ ಎರಡರಲ್ಲೂ ‘ಡಿಎಸ್‌ಸಿ_0417’ ಇರುವ ಸಂಭವ ಇದ್ದೇ ಇದೆ. ಒಂದೇ ಫೋಲ್ಡರಿಗೆ ಸುರಿದರೆ ‘ರಿಪ್ಲೇಸ್ ಮಾಡಲೇ?’ ಎಂದು ಕೇಳುತ್ತದೆ, ಅವಸರದಲ್ಲಿ ಹೂಂ ಅಂದರೆ ಮಾಂಗಲ್ಯಧಾರಣೆಯ ಮೇಲೆ ಊಟದ ಪಂಕ್ತಿ ಕೂರುತ್ತದೆ. ಆದ್ದರಿಂದ ಪ್ರತಿ ಕಾರ್ಡಿಗೂ ಬೇರೆ ಫೋಲ್ಡರ್, ಮೊದಲು ಹೆಸರು ಬದಲು, ಆಮೇಲೆ ಒಂದಾಗಿಸುವುದು.

ಫೋಲ್ಡರಿನ ಎಲ್ಲ ಫೈಲ್ ಆರಿಸಿ ರೈಟ್ ಕ್ಲಿಕ್, ‘ರಿನೇಮ್ ವಿತ್ ಪವರ್‌ರಿನೇಮ್’. ಮೇಲಿನ ಪೆಟ್ಟಿಗೆಯಲ್ಲಿ ಹುಡುಕಬೇಕಾದ್ದು, ಕೆಳಗಿನದರಲ್ಲಿ ಬದಲಿಗೆ ಬರಬೇಕಾದ್ದು. ಹುಡುಕುವಲ್ಲಿ ‘ಡಿಎಸ್‌ಸಿ’, ಬದಲಿಗೆ ‘ಹರಿಹರ_ಎ’ ಎಂದು ಕೊಟ್ಟರೆ ಬಲಗಡೆ ಹಳೆಯ ಹೆಸರು, ಹೊಸ ಹೆಸರು ಎರಡೂ ಪಟ್ಟಿಯಾಗಿ ಕಾಣುತ್ತವೆ. ಗುಂಡಿ ಒತ್ತುವವರೆಗೆ ಏನೂ ಬದಲಾಗುವುದಿಲ್ಲ. ಈ ಮುನ್ನೋಟಕ್ಕೇ ಅರ್ಧ ಅಂಕ ಕೊಡಬೇಕು. ಒತ್ತಿದ ಮೇಲೆ ತಪ್ಪು ಕಂಡರೂ ಅದೇ ಫೋಲ್ಡರಿನಲ್ಲಿ ಕಂಟ್ರೋಲ್ + ಝಡ್ ಒತ್ತಿದರೆ ಹಳೆಯ ಹೆಸರುಗಳು ವಾಪಸ್.

ಕ್ರಮಸಂಖ್ಯೆ ಬೇಕಿದ್ದರೆ ‘ಎನ್ಯೂಮರೇಟ್ ಐಟಮ್ಸ್’ ಗುಂಡಿ ಒತ್ತಿ, ಬದಲಿ ಪೆಟ್ಟಿಗೆಯಲ್ಲಿ ಎಣಿಕೆ ಬರಬೇಕಾದ ಜಾಗಕ್ಕೆ ${} ಬರೆಯಿರಿ. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಒಂದರಿಂದಲ್ಲ. ಆ ಆವರಣದೊಳಗೆ ಬರೆಯಬೇಕಾದ ಆರಂಭ ಸಂಖ್ಯೆ, ಅಂಕಿಗಳ ಸಂಖ್ಯೆಯ ಸೂತ್ರಗಳನ್ನು ಪೆಟ್ಟಿಗೆಯ ಪಕ್ಕದ ಸಹಾಯ ಗುರುತೇ ತೋರಿಸುತ್ತದೆ. ನಾಲ್ಕು ಅಂಕಿ ಇಟ್ಟುಕೊಳ್ಳಿ, 0001, 0002 ಎಂದು. ವಿಂಡೋಸ್ ಎಕ್ಸ್‌ಪ್ಲೋರರ್ 9ರ ಮುಂದೆ 10 ಎಂದು ಜಾಣತನದಿಂದ ಜೋಡಿಸುತ್ತದೆ ನಿಜ, ಆದರೆ ಪೆನ್‌ಡ್ರೈವ್ ಚುಚ್ಚಿದ ಎಷ್ಟೋ ಟಿವಿಗಳು ಅಕ್ಷರ ಕ್ರಮದಲ್ಲಿ ಹೋಗುತ್ತವೆ. ಅವಕ್ಕೆ 1ರ ನಂತರ 10, 100, ಆಮೇಲೆ 2. ಮನೆಯವರು ‘ಫೋಟೋ ಹಿಂದೆ ಮುಂದೆ ಆಗಿವೆ’ ಎಂದು ಫೋನ್ ಮಾಡುವುದು ಇದೇ ಕಾರಣಕ್ಕೆ.

ಡಾಲರ್ ಗುರುತಿನ ಜೊತೆ ವೈ ಅಕ್ಷರ ನಾಲ್ಕು ಸಲ ಬರೆದರೆ ಇಸವಿ, ಎಂ ಎರಡು ಸಲ ಬರೆದರೆ ತಿಂಗಳು, ಡಿ ಎರಡು ಸಲ ಬರೆದರೆ ದಿನ ತಾನಾಗಿ ಕೂರುತ್ತದೆ. ಕೇಳಲು ಚೆಂದ, ಆದರೆ ಮೊದಲಿಗೆ ಅದು ತೆಗೆದುಕೊಳ್ಳುವುದು ಫೈಲ್ ಆ ಯಂತ್ರದಲ್ಲಿ ಸೃಷ್ಟಿಯಾದ ದಿನ. ಕಾರ್ಡಿನಿಂದ ನಿನ್ನೆ ಕಾಪಿ ಮಾಡಿದ್ದರೆ ಎಲ್ಲ ಫೋಟೋಗೂ ನಿನ್ನೆಯ ತಾರೀಕೇ ಬೀಳುತ್ತದೆ. ತಾರೀಕಿನ ನಂಬಿಕೆ ಬೇಡ, ಕೈಯಿಂದಲೇ ಬರೆದುಬಿಡಿ.

ಕನ್ನಡ ಹೆಸರುಗಳಿಗೂ ಇದು ಕೆಲಸ ಮಾಡುತ್ತದೆ, ಯೂನಿಕೋಡ್ (ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿ) ಆಗಿದ್ದರೆ. ಆದರೂ ‘ರಮೇಶ್’ ಎಂದು ಹುಡುಕಿದಾಗ ಕಣ್ಣೆದುರಿಗೇ ಇರುವ ರಮೇಶ್‌ನನ್ನು ಅದು ಹಿಡಿಯದೆ ಹೋಗಬಹುದು. ಕೆಲವು ಕೀಬೋರ್ಡುಗಳು ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುತ್ತವೆ, ಮುಂದಿನ ಅಕ್ಷರ ಒತ್ತಾಗಿ ಇಳಿಯದಿರಲೆಂದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು ಬೇರೆ ಹೆಸರು. ‘ರಮೇಶ’ ಎಂದಷ್ಟೇ ಹುಡುಕಿದರೆ ಎರಡೂ ಸಿಗುತ್ತವೆ. ಆಲ್ಬಂ ಪ್ರಿಂಟಿಗೆ ಹೊರಗೆ ಕಳಿಸುವ ಫೈಲುಗಳಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ ಸಾಕು.

ಕೀಬೋರ್ಡ್ ಮ್ಯಾನೇಜರ್ ಮತ್ತು ನುಡಿ

ಕೀಬೋರ್ಡಿನ ಪಕ್ಕದಲ್ಲೇ ಮಿರ್ಚಿ–ಮಂಡಕ್ಕಿ ಪೊಟ್ಟಣ ಬಿಚ್ಚುವ ಊರಿದು. ಒಂದೆರಡು ಕೀಲಿ ಕೈಕೊಡುವುದು ಸಹಜ. ಕೀಬೋರ್ಡ್ ಮ್ಯಾನೇಜರ್‌ನಲ್ಲಿ ‘ರಿಮ್ಯಾಪ್ ಎ ಕೀ’ ತೆರೆದು ಬಳಸದ ಕೀಲಿಯೊಂದಕ್ಕೆ ಸತ್ತ ಕೀಲಿಯ ಕೆಲಸ ಕೊಡಬಹುದು. ಎಡಗಡೆ ನೀವು ಒತ್ತುವ ಕೀಲಿ, ಬಲಗಡೆ ಯಂತ್ರಕ್ಕೆ ತಲುಪಬೇಕಾದ ಕೀಲಿ. ಆ ಕೀಲಿಗೆ ಈಗ ಜಾಗವಿಲ್ಲ ಎಂಬ ಎಚ್ಚರಿಕೆ ಬಂದರೆ ಹೆದರಬೇಡಿ, ‘ಕಂಟಿನ್ಯೂ ಎನಿವೇ’ ಒತ್ತಿ. ಒಂದು ವಿಷಯ ನೆನಪಿರಲಿ: ಈ ಅದಲುಬದಲು ಪವರ್‌ಟಾಯ್ಸ್ ಓಡುತ್ತಿರುವಾಗ ಮಾತ್ರ. ಲಾಗಿನ್ ಪರದೆಯಲ್ಲಿ ನಡೆಯುವುದಿಲ್ಲ. ಸತ್ತ ಅಕ್ಷರ ಪಾಸ್‌ವರ್ಡಿನಲ್ಲೇ ಇದ್ದರೆ ಯಂತ್ರ ಆರಿಸುವ ಮುಂಚೆಯೇ ಅಂಕಿಗಳ ಪಿನ್ ಇಟ್ಟುಕೊಳ್ಳಿ.

ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸುವವರಿಗೆ ಇದರ ಇನ್ನೊಂದು ಉಪಯೋಗವಿದೆ. ಕನ್ನಡ–ಇಂಗ್ಲಿಷ್ ನಡುವೆ ದಾಟಲು ನುಡಿಯಲ್ಲಿ ಸ್ಕ್ರೋಲ್ ಲಾಕ್ ಒತ್ತುವುದು ರೂಢಿ. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯೇ ಇಲ್ಲ. ತಾಲ್ಲೂಕು ಕಚೇರಿಗೆ ಅರ್ಜಿ ಟೈಪ್ ಮಾಡುವವರು ಇದಕ್ಕಾಗಿಯೇ ಪ್ರತ್ಯೇಕ ಕೀಬೋರ್ಡ್ ಚುಚ್ಚಿಕೊಂಡಿರುತ್ತಾರೆ. ಬಲಗಡೆಯ ಕಂಟ್ರೋಲ್ ಕೀಲಿಯನ್ನು ಸ್ಕ್ರೋಲ್ ಲಾಕ್ ಆಗಿ ರಿಮ್ಯಾಪ್ ಮಾಡಿ. ಬದಲಾವಣೆ ಹತ್ತಿದೆಯೇ ಎಂದು ನೋಡಲು ವಿಂಡೋಸ್‌ನ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆಯಿರಿ, ಅದಕ್ಕೆ ವಿಂಡೋಸ್ ಕೀಲಿ + ಕಂಟ್ರೋಲ್ + ಓ. ಬಲಗಡೆ ಕಂಟ್ರೋಲ್ ಒತ್ತಿದಾಗ ಅದರಲ್ಲಿನ ಸ್ಕ್ರೋಲ್ ಲಾಕ್ ಗುಂಡಿ ಬಣ್ಣ ಬದಲಿಸಿದರೆ ಸರಿ. ಎಕ್ಸೆಲ್‌ನಲ್ಲಿ ಸ್ಕ್ರೋಲ್ ಲಾಕ್ ಆನ್ ಇದ್ದಾಗ ಬಾಣದ ಕೀಲಿ ಒತ್ತಿದರೆ ಸೆಲ್ ಬದಲಾಗದೆ ಇಡೀ ಹಾಳೆಯೇ ಜರುಗುತ್ತದೆ. ‘ಎಕ್ಸೆಲ್ ಕೆಟ್ಟಿದೆ’ ಎಂದು ಮೆಕ್ಯಾನಿಕ್ಕನ್ನು ಕರೆಸುವ ಮುಂಚೆ ಅದೇ ಕೀಲಿ ಇನ್ನೊಮ್ಮೆ ಒತ್ತಿ ನೋಡಿ.

ಯೂನಿಕೋಡ್ ಸಾಕು ಎನ್ನುವವರಿಗೆ ಇದ್ಯಾವುದೂ ಬೇಡ. 2019ರ ಮೇ ಅಪ್‌ಡೇಟಿನಿಂದ ವಿಂಡೋಸ್‌ನಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ, ವಿಂಡೋಸ್ ಕೀಲಿ + ಸ್ಪೇಸ್ ಒತ್ತಿ ದಾಟಬಹುದು. ಹಳೆಯ ಕಡತದಲ್ಲಿ ತುಂಗ ಫಾಂಟ್ ಕೇಳಿ ಸಿಗದಿದ್ದರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿ. ಪೆನ್‌ಡ್ರೈವ್ ಹಿಡಿದು ಫಾಂಟ್ ಹುಡುಕಿ ಅಲೆಯಬೇಕಿಲ್ಲ.

ಫ್ಯಾನ್ಸಿಝೋನ್ಸ್

15.6 ಇಂಚು, 1366 × 768 ಪರದೆಯಲ್ಲಿ ಒಂದು ಕಡೆ ಅರ್ಜಿ ನಮೂನೆ, ಇನ್ನೊಂದು ಕಡೆ ಅಂಕಪಟ್ಟಿ ಇಟ್ಟುಕೊಂಡು ತುಂಬುವುದು ಜಾಬ್‌ವರ್ಕಿನವರ ದಿನಚರಿ. ಕಿಟಕಿಯನ್ನು ಅಂಚಿಗೆ ಎಳೆದರೆ ವಿಂಡೋಸ್ 11ರ ಸ್ನ್ಯಾಪ್ ಪರದೆಯನ್ನು ಅರ್ಧರ್ಧ ಹಂಚುತ್ತದೆ, ಅರ್ಜಿಯ ಪುಟ ಇಕ್ಕಟ್ಟಾಗಿ ಅಡ್ಡಕ್ಕೆ ಎಳೆದಾಡಬೇಕಾಗುತ್ತದೆ. ವಿಂಡೋಸ್ ಕೀಲಿ + ಶಿಫ್ಟ್ + ಎಸ್ಕೇಪ್ ಕೆಳಗಿನ ಕೀಲಿ ಒತ್ತಿದರೆ ಫ್ಯಾನ್ಸಿಝೋನ್ಸ್‌ನ ವಿನ್ಯಾಸ ಪುಟ ಬರುತ್ತದೆ. ಹೊಸ ಗ್ರಿಡ್ ಮಾಡಿ ನಡುವಿನ ಗೆರೆಯನ್ನು ಎಡಕ್ಕೆ 820 ಪಿಕ್ಸೆಲ್ ಉಳಿಯುವಂತೆ ಎಳೆಯಿರಿ, ಬಲಕ್ಕೆ 546 ಉಳಿಯುತ್ತದೆ. ಅದಕ್ಕಿಂತ ಬಹಳ ಕಿರಿದು ಮಾಡಬೇಡಿ, ಕ್ರೋಮ್ ಕಿಟಕಿ ಸುಮಾರು 500 ಪಿಕ್ಸೆಲ್‌ಗಿಂತ ಕೆಳಗೆ ಕುಗ್ಗುವುದಿಲ್ಲ, ಪಕ್ಕದ ಜಾಗಕ್ಕೆ ಚಾಚಿಕೊಳ್ಳುತ್ತದೆ. ‘ಸ್ಪೇಸ್ ಅರೌಂಡ್ ಝೋನ್ಸ್’ ತೆಗೆದುಬಿಡಿ. ದೊಡ್ಡ ಮಾನಿಟರಿನಲ್ಲಿ ಅಂದ, ಇಲ್ಲಿ ಸುತ್ತಲೂ 16 ಪಿಕ್ಸೆಲ್ ದಂಡ. ಇನ್ನು ಕಿಟಕಿಯ ತಲೆ ಹಿಡಿದು ಎಳೆಯುವಾಗ ಶಿಫ್ಟ್ ಒತ್ತಿ ಹಿಡಿದರೆ ಜಾಗಗಳು ಕಾಣುತ್ತವೆ, ಬಿಟ್ಟರೆ ಕೂರುತ್ತದೆ.

ಯಾವುದೋ ಒಂದು ಪ್ರೋಗ್ರಾಂ ಮಾತ್ರ ಈ ಜಾಗಕ್ಕೆ ಬರುವುದೇ ಇಲ್ಲ ಎಂದರೆ ಸಾಮಾನ್ಯವಾಗಿ ಅದು ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದೆ ಎಂದರ್ಥ. ಸಾಮಾನ್ಯ ಹಕ್ಕಿನಲ್ಲಿ ಓಡುವ ಪವರ್‌ಟಾಯ್ಸ್ ಮೇಲಿನ ಹಕ್ಕಿನ ಕಿಟಕಿಯನ್ನು ಮುಟ್ಟುವಂತಿಲ್ಲ. ಅದರೊಳಗೆ ರಿಮ್ಯಾಪ್ ಮಾಡಿದ ಕೀಲಿಯೂ ಕೆಲಸ ಮಾಡದು. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಪವರ್‌ಟಾಯ್ಸನ್ನೂ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವ ಆಯ್ಕೆ ಇದೆ. ಒಂದು ಪ್ರೋಗ್ರಾಂಗೋಸ್ಕರ ಅದನ್ನು ಸದಾ ಆನ್ ಇಡುವುದು ಬೇಡ ಎಂಬುದೇ ಈ ವಿಮರ್ಶೆಯ ಅಭಿಪ್ರಾಯ.

ಟೆಕ್ಸ್ಟ್ ಎಕ್ಸ್‌ಟ್ರಾಕ್ಟರ್: ಇಲ್ಲೇ ಕನ್ನಡದ ತಕರಾರು

ವಿಂಡೋಸ್ ಕೀಲಿ + ಶಿಫ್ಟ್ + ಟಿ ಒತ್ತಿ ಪರದೆಯ ಯಾವುದೇ ಭಾಗದ ಸುತ್ತ ಚೌಕ ಎಳೆದರೆ ಅದರೊಳಗಿನ ಅಕ್ಷರಗಳು ಕಾಪಿ ಆಗುತ್ತವೆ. ಚಿತ್ರ, ವಿಡಿಯೋ, ಕಾಪಿ ಮಾಡಲು ಬಿಡದ ಪಿಡಿಎಫ್, ಯಾವುದಾದರೂ ಸರಿ. ಇಂಗ್ಲಿಷಿಗೆ ಚೆನ್ನಾಗಿದೆ. ಅದು ಓದುವುದು ಪರದೆಯ ಮೇಲೆ ಕಾಣುವ ಚುಕ್ಕೆಗಳನ್ನೇ ಆದ್ದರಿಂದ ಸಣ್ಣ ಅಕ್ಷರವಿದ್ದರೆ ಮೊದಲು ಪುಟವನ್ನು 150–200 ಪ್ರತಿಶತ ಹಿಗ್ಗಿಸಿ, ಆಮೇಲೆ ಚೌಕ ಎಳೆಯಿರಿ. ಒಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರ) ಭಾಷೆ ಇಲ್ಲ ಎಂಬ ಸಂದೇಶ ಬಂದರೆ ವಿಂಡೋಸ್‌ನ ಭಾಷೆಗಳ ಪಟ್ಟಿಗೆ ಅಮೆರಿಕದ ಇಂಗ್ಲಿಷ್ ಸೇರಿಸಿ.

ಅಂಕಿ–ಅಕ್ಷರ ಬೆರೆತ ಕಡೆ ಕಣ್ಣು ಹಾಯಿಸದೆ ಬಿಡಬೇಡಿ. ಸೊನ್ನೆ ಇಂಗ್ಲಿಷಿನ ‘ಓ’ ಆಗುತ್ತದೆ, 5 ‘ಎಸ್’ ಆಗುತ್ತದೆ, 1 ‘ಐ’ ಆಗುತ್ತದೆ. ಪಾಸ್‌ಬುಕ್ಕಿನಿಂದ ಐಎಫ್‌ಎಸ್‌ಸಿ ತೆಗೆಯುವಾಗ ಒಂದು ಖಚಿತ ಪರೀಕ್ಷೆ ಇದೆ: ಒಟ್ಟು 11 ಅಕ್ಷರ, ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಓ ಬಂದಿದ್ದರೆ ಕಣ್ಣುಮುಚ್ಚಿ ಸೊನ್ನೆ ಮಾಡಿ. ಖಾತೆ ಸಂಖ್ಯೆಗೆ ಇಂಥ ಪರೀಕ್ಷೆ ಇಲ್ಲ, ಅದನ್ನು ಕೈಯಲ್ಲೇ ಟೈಪ್ ಮಾಡಿ ಎರಡು ಸಲ ಓದುವುದೇ ಕ್ಷೇಮ.

ಕನ್ನಡ? ಇಲ್ಲ. ಈ ಸಾಧನ ನೆಚ್ಚಿಕೊಂಡಿರುವುದು ವಿಂಡೋಸ್‌ನೊಳಗಿನ ಒಸಿಆರ್ ಅನ್ನು, ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ಕನ್ನಡ ಪತ್ರಿಕೆಯ ತುಣುಕಿನ ಮೇಲೆ ಚೌಕ ಎಳೆದರೆ ಕಸ ಬರುತ್ತದೆ. ಪಹಣಿ, ಜಾತಿ ಪ್ರಮಾಣಪತ್ರ, ಹಳೆಯ ಆಮಂತ್ರಣ ಪತ್ರಿಕೆಗಳೇ ಹೆಚ್ಚು ಬರುವ ಕೌಂಟರಿನಲ್ಲಿ ಇದು ಸಣ್ಣ ಕೊರತೆಯಲ್ಲ. ಚಿತ್ರವನ್ನು ಗೂಗಲ್ ಡ್ರೈವ್‌ಗೆ ಏರಿಸಿ ‘ಓಪನ್ ವಿತ್ ಗೂಗಲ್ ಡಾಕ್ಸ್’ ಎಂದರೆ ಕನ್ನಡ ಅಕ್ಷರಗಳು ಸಿಗುತ್ತವೆ, ಒತ್ತಕ್ಷರಗಳಲ್ಲಿ ತಿದ್ದುವ ಕೆಲಸ ಉಳಿಯುತ್ತದೆ. ನೆಟ್ ಇಲ್ಲದೆ ಆಗಬೇಕೆಂದರೆ ಟೆಸೆರಾಕ್ಟ್ ಎಂಬ ಬಿಟ್ಟಿ ಒಸಿಆರ್‌ಗೆ ಕನ್ನಡದ ಕಡತವಿದೆ, ಹೊಂದಿಸಲು ಮಾತ್ರ ತಾಳ್ಮೆ ಬೇಕು. ಪವರ್‌ಟಾಯ್ಸ್‌ನ ಸೆಟ್ಟಿಂಗ್ಸ್ ಪುಟಗಳೂ ಕನ್ನಡದಲ್ಲಿಲ್ಲ.

ಫೈಲ್ ಲಾಕ್‌ಸ್ಮಿತ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆನ್‌ಡ್ರೈವ್ ತೆಗೆಯಲು ಹೋದರೆ ‘ಬಳಕೆಯಲ್ಲಿದೆ’ ಎನ್ನುತ್ತದಲ್ಲ, ಆಗ ಅದರೊಳಗಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಅನ್‌ಲಾಕ್ ವಿತ್ ಫೈಲ್ ಲಾಕ್‌ಸ್ಮಿತ್’ ಎಂದರೆ ಯಾವ ಪ್ರೋಗ್ರಾಂ ಹಿಡಿದುಕೊಂಡಿದೆ ಎಂದು ಹೆಸರು ಹೇಳುತ್ತದೆ. ಸಾಮಾನ್ಯವಾಗಿ ಮುಚ್ಚಲು ಮರೆತ ವರ್ಡ್ ಅಥವಾ ಪಿಡಿಎಫ್. ಮೊದಲು ಅದನ್ನು ಉಳಿಸಿ ಮುಚ್ಚಿ, ಆಗದಿದ್ದರೆ ಮಾತ್ರ ‘ಎಂಡ್ ಟಾಸ್ಕ್’. ಪಟ್ಟಿಯಲ್ಲಿ ಎಕ್ಸ್‌ಪ್ಲೋರರ್ ಹೆಸರಿದ್ದು ಅದನ್ನೇ ಮುಗಿಸಿಬಿಟ್ಟರೆ ಟಾಸ್ಕ್‌ಬಾರ್ ಕೂಡ ಮಾಯವಾಗಬಹುದು. ಆಗ ಕಂಟ್ರೋಲ್ + ಶಿಫ್ಟ್ + ಎಸ್ಕೇಪ್ ಒತ್ತಿ, ‘ರನ್ ನ್ಯೂ ಟಾಸ್ಕ್’ನಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಬರೆದರೆ ವಾಪಸ್ ಬರುತ್ತದೆ.

ಆಫ್ ಇರಲಿ ಎಂದವುಗಳಲ್ಲಿ ಎರಡಕ್ಕೆ ಕಾರಣ ಹೇಳಬೇಕು. ಝೂಮ್‌ಇಟ್ 2025ರಲ್ಲಿ ಪವರ್‌ಟಾಯ್ಸ್‌ಗೆ ಸೇರಿತು. ಬಿಐಇಟಿ, ಯುಬಿಡಿಟಿಯಂಥ ಕಾಲೇಜಿನಲ್ಲಿ ಪರದೆ ಹಿಗ್ಗಿಸಿ, ಗೆರೆ ಎಳೆದು ಪಾಠ ಮಾಡುವವರಿಗೆ ಬಹಳ ಒಳ್ಳೆಯದು. ಆದರೆ ಕಂಟ್ರೋಲ್ + 1, ಕಂಟ್ರೋಲ್ + 2 ಎರಡನ್ನೂ ಅದು ಕಸಿದುಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ ಕಂಟ್ರೋಲ್ + 1 ಅಂದರೆ ಫಾರ್ಮ್ಯಾಟ್ ಸೆಲ್ಸ್. ಎಪಿಎಂಸಿ ಲೆಕ್ಕ ಬರೆಯುವವರು ಅದನ್ನೊತ್ತಿದಾಗ ಪರದೆ ದಿಢೀರನೆ ಮುಖದ ಮೇಲೆ ಬಂದರೆ ವೈರಸ್ ಅಂದುಕೊಳ್ಳುವುದು ಖಂಡಿತ. ಬೇಕೇ ಬೇಕು ಎನ್ನುವವರು ಶಾರ್ಟ್‌ಕಟ್ ಬದಲಿಸಿಕೊಳ್ಳಿ. ಎರಡನೆಯದು ‘ಪವರ್‌ಟಾಯ್ಸ್ ರನ್’, ಪ್ರೋಗ್ರಾಂ ಹುಡುಕಿ ತೆರೆಯುವ ಸಾಧನ. ಅದು ಆನ್ ಇದ್ದರೆ ಆಲ್ಟ್ + ಸ್ಪೇಸ್ ಅದರ ಪಾಲು. ಮೌಸ್ ಕೆಟ್ಟಾಗ ಕಿಟಕಿ ಜರುಗಿಸಲು, ಹಿಗ್ಗಿಸಲು ಇದ್ದ ಹಳೆಯ ದಾರಿ ಮುಚ್ಚಿಹೋಗುತ್ತದೆ.

ಕಾಪಿ ಮಾಡಿದ ಹಳೆಯ ತುಣುಕುಗಳಿಗೆ ಪವರ್‌ಟಾಯ್ಸ್‌ನ ಅಡ್ವಾನ್ಸ್ಡ್ ಪೇಸ್ಟ್ ಸಾಧನ ಬೇಕೆಂದೇನಿಲ್ಲ. ವಿಂಡೋಸ್ ಕೀಲಿ + ವಿ ಒತ್ತಿ ಒಮ್ಮೆ ‘ಟರ್ನ್ ಆನ್’ ಎಂದರೆ ಕೊನೆಯ 25 ಕಾಪಿಗಳ ಪಟ್ಟಿ ವಿಂಡೋಸ್‌ನಲ್ಲೇ ಇರುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಪಿನ್ ಮಾಡಿದ್ದು ಬಿಟ್ಟು ಉಳಿದದ್ದು ಅಳಿಯುತ್ತದೆ. ಅಂಗಡಿ ಯಂತ್ರದಲ್ಲಿ ಗ್ರಾಹಕರ ಪಾಸ್‌ವರ್ಡೂ ಆ ಪಟ್ಟಿಯಲ್ಲಿ ಉಳಿಯುತ್ತದೆ, ಕೆಲಸ ಮುಗಿದ ಮೇಲೆ ‘ಕ್ಲಿಯರ್ ಆಲ್’ ಒತ್ತುವ ರೂಢಿ ಇರಲಿ.

ಎರಡು–ಮೂರು ಯಂತ್ರ ಇರುವ ಅಂಗಡಿಯವರು ಫೋಟೋ ಅಳತೆ, ಕೀಲಿಗಳನ್ನು ಪ್ರತಿಯೊಂದರಲ್ಲೂ ಮತ್ತೆ ಬರೆಯಬೇಕಿಲ್ಲ. ಜನರಲ್ ಪುಟದ ‘ಬ್ಯಾಕಪ್ ಆಂಡ್ ರಿಸ್ಟೋರ್’ನಲ್ಲಿ ಬ್ಯಾಕಪ್ ಒತ್ತಿದರೆ ಡಾಕ್ಯುಮೆಂಟ್ಸ್‌ನೊಳಗೆ ಪವರ್‌ಟಾಯ್ಸ್ ಎಂಬ ಫೋಲ್ಡರಿನಲ್ಲಿ ಫೈಲ್ ಬೀಳುತ್ತದೆ. ಆ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಒಯ್ದು ಇನ್ನೊಂದು ಯಂತ್ರದಲ್ಲಿ ಅದೇ ಜಾಗದಲ್ಲಿಟ್ಟು ರಿಸ್ಟೋರ್ ಒತ್ತಿ. ಎರಡೂ ಕಡೆ ಒಂದೇ ಆವೃತ್ತಿ ಇರಲಿ.